ಹೆಸರಿನ ಜಾಗದಲ್ಲಿ ಬರೀ ಐಪಿ, ಇಲ್ಲವೇ ಇನ್ನಾರದೋ ಹೆಸರು: ನೆಟ್‌ವರ್ಕ್ ಮಾನಿಟರಿಂಗ್‌ನಲ್ಲಿ ಸಾಧನದ ಹೆಸರು ತಪ್ಪಿದಾಗ ನೋಡುವ ಕ್ರಮ

ರಾತ್ರಿ ಎಂಟೂವರೆಗೆ, ನೆಟ್‌ವರ್ಕಿನ ಸಾಧನಗಳ ಮೇಲೆ ಕಣ್ಣಿಡುವ ಮಾನಿಟರಿಂಗ್ ಸಾಫ್ಟ್‌ವೇರಿನಿಂದ ಅಲರ್ಟ್ ಬರುತ್ತದೆ: ಮುಂಬೈಯ ಅಂಧೇರಿ ಶಾಖೆ, ಅಡುಗೆಮನೆಯ ಕೆಒಟಿ (ಆರ್ಡರಿನ ಚೀಟಿ) ಪ್ರಿಂಟರ್ ಡೌನ್. ಫೋನ್ ಮಾಡಿದರೆ ಗಲ್ಲಾದಲ್ಲಿ ಕೂತವರು, "ಇಲ್ಲಿ ಎಲ್ಲ ಸರಿ ಉಂಟಲ್ಲ ಮಾರಾಯ್ರೆ, ಈಗಷ್ಟೇ ಎರಡು ಮಸಾಲೆದೋಸೆಯ ಚೀಟಿ ಬಂತು" ಎನ್ನುತ್ತಾರೆ. ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ. ಪ್ರಿಂಟರಿಗೆ ಹಿಂದೆ ಇದ್ದ ಐಪಿ ಈಗ ಯಾರದೋ ಮೊಬೈಲಿಗೆ ಹೋಗಿದೆ, ಯಾವ ಐಪಿಗೆ ಯಾವ ಹೆಸರು ಎಂದು ಹೇಳುವ ಡಿಎನ್‌ಎಸ್‌ನಲ್ಲಿ ಮಾತ್ರ ಹಳೆಯ ಹೆಸರು ಹಾಗೇ ಕೂತಿದೆ. ಮೊಬೈಲಿನವರು ಊಟ ಮುಗಿಸಿ ಎದ್ದುಹೋದರು, ಪರದೆಯಲ್ಲಿ ಪ್ರಿಂಟರ್ ಕೆಂಪಾಯಿತು.

ಹೆಸರಿನ ದೋಷ ಎರಡು ಬಗೆ. ಹೆಸರು ಬಾರದೆ ಐಪಿಯೇ ಕಾಣುವುದು ಒಂದು, ತಪ್ಪು ಹೆಸರು ಕಾಣುವುದು ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ದೂರುತ್ತಾರೆ. ಎರಡನೆಯದು ಇದೆ ಎಂದೇ ಬಹಳ ದಿನ ಗೊತ್ತಾಗುವುದಿಲ್ಲ, ಕೆಡುಕು ಮಾತ್ರ ಅದರದ್ದೇ ಹೆಚ್ಚು. ಬರೀ ಐಪಿ ಕಂಡರೆ ಯಾವುದಪ್ಪಾ ಇದು ಎಂದು ಹುಡುಕುತ್ತೀರಿ. ತಪ್ಪು ಹೆಸರು ಕಂಡರೆ ಲೋಕಲ್ ಹತ್ತಿ ತಪ್ಪು ಶಾಖೆಗೇ ಹೋಗಿಬಿಡುತ್ತೀರಿ.

ಮುಂದಿನ ವಿವರಕ್ಕೆ ಒಂದು ಮಾದರಿ ನೆಟ್‌ವರ್ಕ್ ಇಟ್ಟುಕೊಳ್ಳೋಣ. ಒಂದು ಉಡುಪಿ ಹೋಟೆಲು, ಮಾಟುಂಗದಲ್ಲಿ ಮುಖ್ಯ ಶಾಖೆ (192.168.10.x), ಅಂಧೇರಿಯಲ್ಲಿ ಎರಡನೆಯದು (192.168.20.x), ಪುಣೆಯ ಚಾಕಣದಲ್ಲಿ ಗೋಡೌನು (192.168.30.x), ಮಡಗಾಂವ್‌ನಲ್ಲಿ ವಸತಿಗೃಹ (192.168.40.x). ನಾಲ್ಕೂ ವಿಪಿಎನ್‌ನಲ್ಲಿ (ಇಂಟರ್ನೆಟ್ ಮೂಲಕ ಹಾಕಿದ ಖಾಸಗಿ ದಾರಿ) ಸೇರಿವೆ. ಡಿಎನ್‌ಎಸ್ ಸರ್ವರ್ ಮಾಟುಂಗದ 192.168.10.2, ಮಾನಿಟರಿಂಗ್ ಸರ್ವರ್ 192.168.10.9. ನಾಲ್ಕು ಕಡೆಯೂ ರೂಟರಿನ ಪೆಟ್ಟಿಗೆಯಿಂದ ಬಂದ 192.168.1.x ಅನ್ನೇ ಇಟ್ಟುಕೊಂಡವರು ಇಲ್ಲಿಗೇ ನಿಂತು ಮೊದಲು ಅದನ್ನು ಬದಲಿಸಿ. ಒಂದೇ ಐಪಿ ನಾಲ್ಕು ಊರಿನಲ್ಲಿದ್ದರೆ ಹೆಸರಿಗೆ ಯಾವ ಮದ್ದೂ ಹತ್ತುವುದಿಲ್ಲ.

ಸಾಫ್ಟ್‌ವೇರ್ ಯಾರನ್ನು ಕೇಳಿತು?

ಮಾನಿಟರಿಂಗ್ ಸಾಫ್ಟ್‌ವೇರ್‌ಗೆ ತಾನಾಗಿ ಒಂದು ಹೆಸರೂ ಗೊತ್ತಿರುವುದಿಲ್ಲ. ಅದು ಯಾರನ್ನೋ ಕೇಳುತ್ತದೆ, ಸಿಕ್ಕಿದ್ದನ್ನು ತನ್ನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲ ಪ್ರಶ್ನೆ 'ಹೆಸರು ಏಕೆ ಬರಲಿಲ್ಲ' ಎಂದಲ್ಲ, 'ಯಾರನ್ನು ಕೇಳಿತು' ಎಂದು. ಇದನ್ನು ಬಿಟ್ಟು ಡಿಎನ್‌ಎಸ್ ಸರ್ವರ್ ರೀಸ್ಟಾರ್ಟ್ ಮಾಡುತ್ತ ಕೂತರೆ ಸಂಜೆಯಾಗುತ್ತದೆ.

ಕೇಳುವ ಬಾಗಿಲುಗಳು ಸಾಮಾನ್ಯವಾಗಿ ಇಷ್ಟೇ. ಡಿಎನ್‌ಎಸ್‌ನ ರಿವರ್ಸ್ ಲುಕಪ್, ಅಂದರೆ ಐಪಿ ಕೊಟ್ಟು ಪಿಟಿಆರ್ ದಾಖಲೆಯಿಂದ ಹೆಸರು ಪಡೆಯುವುದು, ಪೋರ್ಟ್ 53. ಎಸ್‌ಎನ್‌ಎಂಪಿಯ (ಸಾಧನದ ವಿವರವನ್ನು ಅದರಿಂದಲೇ ಕೇಳುವ ವಿಧಾನ) ಸಿಸ್‌ನೇಮ್, ಅಂದರೆ ಸಾಧನದೊಳಗೆ ಬರೆದಿಟ್ಟ ಹೆಸರು, ಒಐಡಿ (ಆ ವಿವರದ ಗುರುತು ಸಂಖ್ಯೆ) 1.3.6.1.2.1.1.5.0, ಯುಡಿಪಿ 161. ವಿಂಡೋಸ್ ಯಂತ್ರಗಳಿಗೆ ನೆಟ್‌ಬಯಾಸ್, ಯುಡಿಪಿ 137. ಪಕ್ಕದ ಸ್ವಿಚ್ ಹೇಳುವ ಎಲ್‌ಎಲ್‌ಡಿಪಿ ಅಥವಾ ಸಿಡಿಪಿ ಹೆಸರು. ಕೆಲವು ಸಾಧನಗಳಿಗೆ ಎಂಡಿಎನ್‌ಎಸ್ (ಸರ್ವರ್ ಇಲ್ಲದೆ ಸಾಧನಗಳೇ ಒಂದನ್ನೊಂದು ಹೆಸರು ಕೇಳುವುದು), ಯುಡಿಪಿ 5353. ಕೊನೆಗೆ, ಯಾರೋ ಎಂದೋ ಕೈಯಲ್ಲಿ ಟೈಪ್ ಮಾಡಿದ ಲೇಬಲ್. ಕೈಯಲ್ಲಿ ಹಾಕಿದ ಲೇಬಲ್ ಇದ್ದರೆ ಉಳಿದ ಯಾವುದೂ ಪರದೆಗೆ ಬಾರದಂತೆ ಮಾಡಿರುವ ಸಾಫ್ಟ್‌ವೇರ್‌ಗಳೇ ಹೆಚ್ಚು, ಅದನ್ನು ಮೊದಲು ನೋಡಿ.

ಜ್ಯಾಬಿಕ್ಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರಿನಲ್ಲಿ ಡಿಸ್ಕವರಿ (ಸಾಧನಗಳನ್ನು ತಾನಾಗಿ ಹುಡುಕುವುದು) ನಿಯಮದೊಳಗೆ ಹೋಸ್ಟ್ ನೇಮ್ ಎಲ್ಲಿಂದ ಬರಬೇಕು (ಡಿಎನ್‌ಎಸ್, ಐಪಿ, ಅಥವಾ ಎಸ್‌ಎನ್‌ಎಂಪಿಯಂತಹ ಒಂದು ತಪಾಸಣೆಯಲ್ಲಿ ಸಿಕ್ಕ ಉತ್ತರ) ಎಂದು ಆರಿಸುವ ಜಾಗವಿದೆ, ಕಾಣುವ ಹೆಸರಿಗೆ ಬೇರೆಯೇ ಆಯ್ಕೆ ಇದೆ. ಅಂಥದ್ದೇ ಇನ್ನೊಂದಾದ ಲಿಬ್ರೆಎನ್‌ಎಂಎಸ್‌ನಲ್ಲಿ ಸಾಧನವನ್ನು ಸೇರಿಸುವಾಗ ಕೊಟ್ಟ ಹೋಸ್ಟ್‌ನೇಮ್ ಬೇರೆ, ಸಿಸ್‌ನೇಮ್ ಬೇರೆ, ಪರದೆಯಲ್ಲಿ ತೋರಿಸುವ ಹೆಸರಿನ ನಮೂನೆ ಬೇರೆ. ನಿಮ್ಮದು ಯಾವುದೇ ಆಗಿರಲಿ, ಈ ಒಂದು ಸೆಟ್ಟಿಂಗ್ ನೋಡದೆ ಮುಂದಕ್ಕೆ ಹೋಗಬೇಡಿ. ಸಿಸ್‌ನೇಮ್ ತೋರಿಸುವಂತೆ ಇಟ್ಟ ಪರದೆಗಾಗಿ ಪಿಟಿಆರ್ ತಿದ್ದುತ್ತ ಕೂತರೆ ಬಾಗಿಲು ತಪ್ಪಿ ತಟ್ಟಿದ ಹಾಗೆ.

ನಿಮ್ಮ ಲ್ಯಾಪ್‌ಟಾಪಿನಿಂದ ಪರೀಕ್ಷೆ ಮಾಡಬೇಡಿ

ಲ್ಯಾಪ್‌ಟಾಪಿನಲ್ಲಿ ಎನ್‌ಎಸ್‌ಲುಕಪ್ (ಡಿಎನ್‌ಎಸ್ ಅನ್ನು ಕೇಳುವ ಕಮಾಂಡ್) ಹೊಡೆದು, "ನನಗೆ ಹೆಸರು ಬರ್ತಾ ಇದೆಯಲ್ಲ" ಎಂದು ಕೈತೊಳೆದುಕೊಳ್ಳುವುದು ದಿನವೂ ನಡೆಯುವ ತಪ್ಪು. ಲ್ಯಾಪ್‌ಟಾಪಿನ ಡಿಎನ್‌ಎಸ್ ಬೇರೆ, ಸರ್ವರಿನದು ಬೇರೆ. ಪ್ರಶ್ನೆ ಕೇಳುವ ಯಂತ್ರದ ಮೇಲೇ ನಿಂತು ನೋಡಬೇಕು.

ಆ ಯಂತ್ರ ಯಾವುದು ಎಂಬುದೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಮಡಗಾಂವ್‌ನಲ್ಲಿ ಜ್ಯಾಬಿಕ್ಸ್ ಪ್ರಾಕ್ಸಿ (ಸರ್ವರಿನ ಪರವಾಗಿ ಅಲ್ಲಿನ ಸಾಧನಗಳನ್ನು ಕೇಳುವ ಯಂತ್ರ) ಇಟ್ಟಿದ್ದರೆ, ಅದರ ಕೆಳಗಿನ ಸಾಧನಗಳ ಡಿಎನ್‌ಎಸ್ ಹೆಸರನ್ನು ಬಿಡಿಸುವುದು ಆ ಪ್ರಾಕ್ಸಿ, ಮಾಟುಂಗದ ಸರ್ವರ್ ಅಲ್ಲ. ಸಾಫ್ಟ್‌ವೇರ್ ಡಾಕರ್ ಕಂಟೇನರಿನಲ್ಲಿ (ಯಂತ್ರದೊಳಗೇ ಬೇರೆಯಾಗಿ ಕಟ್ಟಿದ ಪೆಟ್ಟಿಗೆ) ಓಡುತ್ತಿದ್ದರೆ ಪರೀಕ್ಷೆಯೂ ಕಂಟೇನರಿನ ಒಳಗೇ ನಡೆಯಬೇಕು. ಕಂಟೇನರಿಗೆ ಅದರದೇ ಹೋಸ್ಟ್ಸ್ ಫೈಲು (ಕೈಯಲ್ಲಿ ಬರೆಯುವ ಹೆಸರು ಮತ್ತು ಐಪಿಗಳ ಪಟ್ಟಿ) ಇರುತ್ತದೆ. ಬಳಕೆದಾರ ಮಾಡಿದ ಡಾಕರ್ ನೆಟ್‌ವರ್ಕಿನಲ್ಲಿ ಡಿಎನ್‌ಎಸ್ 127.0.0.11 ಆಗಿರುತ್ತದೆ. ಹೊರಗಿನ ಲಿನಕ್ಸಿನ ಹೋಸ್ಟ್ಸ್ ಫೈಲಿಗೆ ನೂರು ಸಾಲು ಬರೆದು, ಒಳಗೆ ಒಂದೂ ಕಾಣದೆ ತಲೆ ಕೆರೆದುಕೊಳ್ಳುವುದು ಇದರಿಂದಲೇ. ಆ ಸಾಲುಗಳನ್ನು ಕಂಪೋಸ್ ಫೈಲಿನ ಎಕ್ಸ್‌ಟ್ರಾ ಹೋಸ್ಟ್ಸ್ ಭಾಗದಲ್ಲಿ ಕೊಡಬೇಕು.

ಇನ್ನೊಂದು ಸೂಕ್ಷ್ಮ. ಎನ್‌ಎಸ್‌ಲುಕಪ್ ಮತ್ತು ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತವೆ, ಹೋಸ್ಟ್ಸ್ ಫೈಲನ್ನು ತಿರುಗಿಯೂ ನೋಡುವುದಿಲ್ಲ. ಸಾಫ್ಟ್‌ವೇರ್ ಬಹುತೇಕ ಆಪರೇಟಿಂಗ್ ಸಿಸ್ಟಮ್ ಮೂಲಕ ಕೇಳುತ್ತದೆ, ಅದು ಹೋಸ್ಟ್ಸ್ ಫೈಲನ್ನೂ ನೋಡುತ್ತದೆ. ಆದ್ದರಿಂದ ಲಿನಕ್ಸಿನಲ್ಲಿ ಎರಡೂ ಹೊಡೆದು ನೋಡಿ: ಡಿಗ್‌ಗೆ ಮೈನಸ್ ಎಕ್ಸ್ ಸೇರಿಸಿ ಐಪಿ ಕೊಡುವುದು ಒಂದು, ಗೆಟ್‌ಎಂಟ್ ಹೋಸ್ಟ್ಸ್ ಎಂದು ಬರೆದು ಅದೇ ಐಪಿ ಕೊಡುವುದು ಇನ್ನೊಂದು. ವಿಂಡೋಸಿನಲ್ಲಿ ಎನ್‌ಎಸ್‌ಲುಕಪ್ ಜೊತೆಗೆ ಪಿಂಗ್ ಮೈನಸ್ ಎ. ಎರಡರ ಉತ್ತರ ಬೇರೆಬೇರೆಯಾದರೆ ಮೊದಲು ಆ ಯಂತ್ರದ ಸೆಟ್ಟಿಂಗನ್ನೇ ಅನುಮಾನಿಸಿ.

ಹೆಸರಿನ ಬಾಲ 'ಡಾಟ್ ಲೋಕಲ್' ಆಗಿದ್ದರೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಬಾಲವನ್ನು 2013ರ ಆರ್‌ಎಫ್‌ಸಿ 6762 (ಇಂಟರ್ನೆಟ್ಟಿನ ನಿಯಮ ಬರೆದ ದಾಖಲೆ) ಎಂಡಿಎನ್‌ಎಸ್‌ಗೆ ಬಿಟ್ಟುಕೊಟ್ಟಿದೆ. ಎನ್‌ಎಸ್‌ಸ್ವಿಚ್ ಕಾನ್ಫಿಗ್ ಫೈಲಿನಲ್ಲಿ ಎಂಡಿಎನ್‌ಎಸ್ ಮುಂದೆ, ಡಿಎನ್‌ಎಸ್ ಹಿಂದೆ ಇರುವ ಲಿನಕ್ಸುಗಳಲ್ಲಿ ಪ್ರಶ್ನೆ ಡಿಎನ್‌ಎಸ್‌ವರೆಗೆ ತಲುಪದೆಯೇ ಸತ್ತುಹೋಗಬಹುದು: ಡಿಗ್‌ಗೆ ಸಿಗುತ್ತದೆ, ಪಿಂಗ್‌ಗೆ ಸಿಗುವುದಿಲ್ಲ. ಹೊಸದಾಗಿ ಕಟ್ಟುವವರು 'ಡಾಟ್ ಇಂಟರ್ನಲ್' ಇಟ್ಟುಕೊಳ್ಳಿ. 2024ರಲ್ಲಿ ಇಂಟರ್ನೆಟ್ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ ಅದನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದೆ.

ಇಲ್ಲ ಎಂಬುದರಲ್ಲೂ ನಾಲ್ಕು ಬಗೆ

ಹೆಸರು ಬರಲಿಲ್ಲ ಎಂದಷ್ಟೇ ಬರೆದಿಟ್ಟುಕೊಂಡರೆ ಏನೂ ತಿಳಿಯದು. ಡಿಗ್‌ನ ಉತ್ತರದಲ್ಲಿ ಸ್ಟೇಟಸ್ ಎಂಬ ಪದದ ಮುಂದೆ ಏನಿದೆ ಎಂದು ಓದಿ.

ಎನ್‌ಎಕ್ಸ್‌ಡೊಮೈನ್ ಬಂದರೆ ಸರ್ವರ್ ಬದುಕಿದೆ, ಕೇಳಿಸಿಕೊಂಡಿದೆ, ಅಂಥ ದಾಖಲೆ ಇಲ್ಲ ಎನ್ನುತ್ತಿದೆ. ಪಿಟಿಆರ್ ಬರೆದಿಲ್ಲ, ಅಥವಾ ಪಿಟಿಆರ್‌ಗಳನ್ನು ಇಡುವ ಕಡತವಾದ ರಿವರ್ಸ್ ಝೋನೇ ಇಲ್ಲ, ಅಥವಾ ತಪ್ಪು ಸರ್ವರನ್ನು ಕೇಳಿದ್ದೀರಿ. ಸರ್ವ್‌ಫೇಲ್ ಬಂದರೆ ಸರ್ವರಿಗೇ ಒಳಗಿನ ಕಾಯಿಲೆ: ಝೋನ್ ಲೋಡ್ ಆಗಿಲ್ಲ, ಅಥವಾ ಅದು ಮುಂದಕ್ಕೆ ಕೇಳಬೇಕಾದ ಸರ್ವರ್ ಸಿಗುತ್ತಿಲ್ಲ. ರೆಫ್ಯೂಸ್ಡ್ ಎಂದರೆ ನಿಮ್ಮ ಐಪಿಗೆ ಅಲ್ಲಿ ಅನುಮತಿ ಇಲ್ಲ. ಮಾಟುಂಗದವರಿಗೆ ಉತ್ತರ ಸಿಕ್ಕಿ ಚಾಕಣದವರಿಗೆ ಸಿಗದಿದ್ದರೆ ಅನುಮತಿ ಪಟ್ಟಿಗೆ 192.168.30.0/24 ಸೇರಿಸಲು ಮರೆತಿರುತ್ತಾರೆ.

ನಾಲ್ಕನೆಯದು ಟೈಮ್‌ಔಟ್, ಉತ್ತರವೇ ಇಲ್ಲ. ಇದು ಹೆಸರಿನ ದೋಷವಲ್ಲ, ದಾರಿಯ ದೋಷ. ಫೈರ್‌ವಾಲ್, ವಿಪಿಎನ್ ನಿಯಮ, ಇಲ್ಲವೇ ಸತ್ತ ಸರ್ವರ್. ಮಾನಿಟರಿಂಗ್ ಸರ್ವರಿನಲ್ಲಿ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ಟುಗಳನ್ನು ತೋರಿಸುವ ಕಮಾಂಡ್) ಹಾಕಿ ಪೋರ್ಟ್ 53 ಮಾತ್ರ ನೋಡಿ. ಪ್ರಶ್ನೆ ಹೊರಟಿದೆಯೇ, ಯಾವ ಐಪಿಯ ಕಡೆಗೆ ಹೊರಟಿದೆ, ಮರಳಿ ಏನಾದರೂ ಬಂತೇ ಎಂಬ ಮೂರೂ ಎರಡು ನಿಮಿಷದಲ್ಲಿ ಕಾಣುತ್ತವೆ. ಪ್ರಶ್ನೆಯೇ ಹೊರಡದಿದ್ದರೆ ಸಾಫ್ಟ್‌ವೇರ್ ಡಿಎನ್‌ಎಸ್ ಕೇಳುವಂತೆ ಸೆಟ್ ಆಗಿಲ್ಲ, ಅಥವಾ ಹಳೆಯ ಉತ್ತರವನ್ನೇ ಹಿಡಿದುಕೊಂಡಿದೆ.

ಟೈಮ್‌ಔಟಿನ ಲೆಕ್ಕ ಒಮ್ಮೆ ಮಾಡಿ ನೋಡುವಂಥದ್ದು. ಲಿನಕ್ಸಿನ ರಿಸಾಲ್ವ್ ಕಾನ್ಫಿಗ್ ಫೈಲಿನಲ್ಲಿ ಗರಿಷ್ಠ 3 ನೇಮ್‌ಸರ್ವರ್ ಬರೆಯಬಹುದು. ಒಂದೊಂದಕ್ಕೆ ಡೀಫಾಲ್ಟ್ ಕಾಯುವ ಹೊತ್ತು 5 ಸೆಕೆಂಡ್. ಮೊದಲ ಸಾಲಿನ ಸರ್ವರ್ ಸತ್ತಿದ್ದರೆ ಪ್ರತಿ ಐಪಿಗೂ 5 ಸೆಕೆಂಡ್ ದಂಡ. 254 ಐಪಿಯ ಒಂದು ಸಬ್‌ನೆಟ್ಟನ್ನು ಒಂದಾದ ಮೇಲೊಂದರಂತೆ ಹುಡುಕುವ ಸಾಫ್ಟ್‌ವೇರ್‌ಗೆ 1270 ಸೆಕೆಂಡ್, ಅಂದರೆ 21 ನಿಮಿಷ ಬರೀ ಕಾಯುವುದರಲ್ಲೇ ಹೋಗುತ್ತದೆ. ಅಷ್ಟರಲ್ಲಿ ಸಾಫ್ಟ್‌ವೇರಿನ ಸ್ವಂತ ಗಡುವು ಮುಗಿದು ಅದು ಹೆಸರು ಬಿಟ್ಟು ಐಪಿ ಬರೆದುಕೊಂಡಿರುತ್ತದೆ. 'ಡಿಸ್ಕವರಿ ಬಹಳ ನಿಧಾನ, ಕೆಲವಕ್ಕೆ ಹೆಸರೂ ಇಲ್ಲ' ಎಂದು ಎರಡೂ ದೂರು ಒಟ್ಟಿಗೆ ಬಂದರೆ ಮೊದಲ ನೇಮ್‌ಸರ್ವರ್ ಸಾಲನ್ನೇ ಅನುಮಾನಿಸಿ.

8.8.8.8 ಎಂಬ ಸ್ಟೆಪ್ನಿ

'ಮೊದಲ ಡಿಎನ್‌ಎಸ್ ನಮ್ಮದು, ಎರಡನೆಯದು 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್); ನಮ್ಮದಕ್ಕೆ ಗೊತ್ತಿಲ್ಲದ್ದನ್ನು ಎರಡನೆಯದು ಹೇಳುತ್ತದೆ' ಎಂಬ ನಂಬಿಕೆ ಬಹಳ ಗಟ್ಟಿ. ಅದು ತಪ್ಪು. ಮೊದಲ ಸರ್ವರ್ 'ಇಲ್ಲ' ಎಂದರೆ ಅದೇ ಕೊನೆಯ ಉತ್ತರ, ಎರಡನೆಯದನ್ನು ಯಾರೂ ಕೇಳುವುದಿಲ್ಲ. ಮೊದಲನೆಯದು ಉತ್ತರವನ್ನೇ ಕೊಡದಿದ್ದಾಗ ಅಥವಾ ಸರ್ವ್‌ಫೇಲ್, ರೆಫ್ಯೂಸ್ಡ್ ಎಂದಾಗ ಎರಡನೆಯದರ ಸರದಿ. ಅಂದರೆ ನಮ್ಮ ಸರ್ವರ್ ಕಾಯುವ ಹೊತ್ತಿನೊಳಗೆ ಉತ್ತರಿಸದಿದ್ದರೆ ಪ್ರಶ್ನೆ 8.8.8.8ಗೆ ಹೋಗುತ್ತದೆ. 192.168 ಎಂಬುದು 1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆ ಬಿಟ್ಟ ವಿಳಾಸ. ನಿಮ್ಮ ಅಂಧೇರಿಯ ಪ್ರಿಂಟರ್ ಹೆಸರು ಹೊರಗಿನ ಸರ್ವರಿಗೆ ಗೊತ್ತಿರುವ ಪ್ರಶ್ನೆಯೇ ಇಲ್ಲ. 'ಇಲ್ಲ' ಎನ್ನುತ್ತದೆ, ಸಾಫ್ಟ್‌ವೇರ್ ಅದನ್ನೇ ನಂಬುತ್ತದೆ.

ಆಲ್ಪೈನ್ ಲಿನಕ್ಸ್ ಆಧಾರದ ಕಂಟೇನರುಗಳಲ್ಲಿ ಇದು ಇನ್ನೂ ಕೆಟ್ಟದು. ಅದರ ಮಸ್ಲ್ ಲೈಬ್ರರಿ ಎಲ್ಲ ನೇಮ್‌ಸರ್ವರುಗಳನ್ನೂ ಒಟ್ಟಿಗೇ ಕೇಳಿ, ಮೊದಲು ಬಂದ ಉತ್ತರ ತೆಗೆದುಕೊಳ್ಳುತ್ತದೆ. ಒಮ್ಮೆ ಹೆಸರು ಬರುತ್ತದೆ, ಇನ್ನೊಮ್ಮೆ ಇಲ್ಲ. ಬಂದು ಹೋಗುವ ದೋಷ ಕಂಡಾಗ ಕೇಬಲ್ ಬದಲಿಸುವ ಮೊದಲು ಇದನ್ನು ನೋಡಿ. ಪರಿಹಾರ ಸರಳ: ಮಾನಿಟರಿಂಗ್ ಸರ್ವರಿಗೆ ಕೊಡುವ ಎಲ್ಲ ಡಿಎನ್‌ಎಸ್‌ಗಳೂ ಒಳಗಿನ ಹೆಸರು ಬಲ್ಲವೇ ಆಗಿರಬೇಕು. ಹೊರಗಿನ ಹೆಸರು ಬೇಕಾದರೆ ನಮ್ಮ ಡಿಎನ್‌ಎಸ್ ಸರ್ವರೇ ಫಾರ್ವರ್ಡರ್ ಇಟ್ಟುಕೊಂಡು ಕೇಳಿಕೊಳ್ಳಲಿ.

ಶಾಖೆಯ ರೂಟರನ್ನೇ ಡಿಎನ್‌ಎಸ್ ಆಗಿ ಕೊಟ್ಟವರಿಗೆ ಬೇರೆ ಲಕ್ಷಣ ಕಾಣುತ್ತದೆ: ಮೊಬೈಲು, ಲ್ಯಾಪ್‌ಟಾಪುಗಳಿಗೆ ಹೆಸರಿದೆ, ಸ್ವಿಚ್ಚು, ಕ್ಯಾಮೆರಾಗಳಿಗೆ ಇಲ್ಲ. ಡಿಎನ್‌ಎಸ್‌ಮಾಸ್ಕ್ (ಐಪಿ ಹಂಚಿ ಹೆಸರೂ ಹೇಳುವ ಪುಟ್ಟ ಸಾಫ್ಟ್‌ವೇರ್) ಇಟ್ಟುಕೊಂಡ ರೂಟರುಗಳಿಗೆ ತಾವೇ ಐಪಿ ಹಂಚಿದ ಸಾಧನಗಳ ಹೆಸರು ಗೊತ್ತು, ಕೈಯಲ್ಲಿ ಸ್ಥಿರ ಐಪಿ ಹಾಕಿದವುಗಳದ್ದು ಗೊತ್ತಿಲ್ಲ. ಅದರಲ್ಲಿ ಬೋಗಸ್‌ಪ್ರಿವ್ ಆಯ್ಕೆ ಹಾಕಿದ್ದರೆ, ತನಗೆ ಗೊತ್ತಿಲ್ಲದ ಖಾಸಗಿ ಐಪಿಯ ಪ್ರಶ್ನೆಯನ್ನು ಮೇಲಕ್ಕೆ ಕಳಿಸದೆ ಅಲ್ಲೇ ಇಲ್ಲ ಎಂದುಬಿಡುತ್ತದೆ. ರೆವ್-ಸರ್ವರ್ ಸಾಲಿನಲ್ಲಿ ಸಬ್‌ನೆಟ್ ಮತ್ತು 192.168.10.2 ಕೊಟ್ಟರೆ ಆ ಪ್ರಶ್ನೆಗಳು ಮಾಟುಂಗಕ್ಕೆ ಬರುತ್ತವೆ.

ರಿವರ್ಸ್ ಝೋನಿನ ಒಳಗೆ

ಹೆಸರಿನಿಂದ ಐಪಿ ಸಿಗುತ್ತದೆ ಎಂದ ಮಾತ್ರಕ್ಕೆ ಐಪಿಯಿಂದ ಹೆಸರು ಸಿಗಬೇಕೆಂದಿಲ್ಲ. ಎರಡೂ ಬೇರೆ ಬೇರೆ ಝೋನು, ಬೇರೆ ಬೇರೆ ದಾಖಲೆ. ವಿಂಡೋಸ್ ಡಿಎನ್‌ಎಸ್‌ನಲ್ಲಿ ಫಾರ್ವರ್ಡ್ ಝೋನ್ ಅಚ್ಚುಕಟ್ಟಾಗಿದ್ದು ರಿವರ್ಸ್ ಝೋನ್ ಫೋಲ್ಡರ್ ಖಾಲಿ ಇರುವುದು ಎಲ್ಲೆಡೆ ಕಾಣುವ ಚಿತ್ರ. ಎ ದಾಖಲೆ (ಹೆಸರಿನಿಂದ ಐಪಿ ಹೇಳುವುದು) ಸೇರಿಸುವಾಗ ಪಿಟಿಆರ್ ಕೂಡ ಮಾಡು ಎಂಬ ಟಿಕ್ ಹಾಕಿದರೂ ರಿವರ್ಸ್ ಝೋನ್ ಇಲ್ಲದಿದ್ದರೆ ಅದು ಬರೆಯುವುದಾದರೂ ಎಲ್ಲಿ?

ಪಿಟಿಆರ್‌ನಲ್ಲಿ ಐಪಿಯನ್ನು ಹಿಂದುಮುಂದಾಗಿ ಬರೆಯಬೇಕು. 192.168.20.21ರ ದಾಖಲೆ ಇರುವುದು 20.168.192.ಇನ್-ಆ್ಯಡರ್.ಆರ್ಪಾ ಎಂಬ ಝೋನಿನಲ್ಲಿ, 21 ಎಂಬ ಸಾಲಾಗಿ. ಶಾಖೆಗೊಂದು ಝೋನ್ ಬೇಕು, ಅಥವಾ 168.192 ಎಂಬ ಒಂದೇ ದೊಡ್ಡ ಝೋನ್ ಮಾಡಿ ಎಲ್ಲವನ್ನೂ ಅದರಲ್ಲಿ ಹಾಕಬಹುದು, ನಾಲ್ಕೈದು ಶಾಖೆಗಳಿಗೆ ಇದೇ ಸುಲಭ. 172.16ರ ಸರಣಿ ಬಳಸುವವರು ಒಂದನ್ನು ನೆನಪಿಡಿ: ಆ ಖಾಸಗಿ ಸರಣಿ 172.16ರಿಂದ 172.31ರವರೆಗೆ, ಒಟ್ಟು 16 ಝೋನುಗಳು. 16ಕ್ಕೆ ಮಾತ್ರ ಝೋನ್ ಮಾಡಿ, ವೈಫೈಗೆ 172.20 ಕೊಟ್ಟು, ಅದರ ಹೆಸರುಗಳು ಏಕೆ ಬರುತ್ತಿಲ್ಲ ಎಂದು ಕೇಳುವವರಿದ್ದಾರೆ.

ಬೈಂಡ್ ಎಂಬ ಡಿಎನ್‌ಎಸ್ ಸಾಫ್ಟ್‌ವೇರಿನಲ್ಲಿ ಕೈಯಿಂದ ಝೋನ್ ಫೈಲ್ ಬರೆಯುವವರಿಗೆ ಒಂದು ಚುಕ್ಕೆಯ ಕಾಟ. ಪಿಟಿಆರ್ ಸಾಲಿನಲ್ಲಿ ಪೂರ್ತಿ ಹೆಸರಿನ ಕೊನೆಗೆ ಚುಕ್ಕೆ ಇಡದಿದ್ದರೆ ಬೈಂಡ್ ಅದಕ್ಕೆ ಝೋನಿನ ಹೆಸರನ್ನೂ ಅಂಟಿಸುತ್ತದೆ. ಪರದೆಯಲ್ಲಿ 'ಕೆಒಟಿ-01.ಹೋಟೆಲ್.ಇಂಟರ್ನಲ್.20.168.192.ಇನ್-ಆ್ಯಡರ್.ಆರ್ಪಾ' ಎಂಬ ರೈಲುಗಾಡಿಯಂಥ ಹೆಸರು ಕಂಡರೆ ಬೇರೆ ಏನೂ ಹುಡುಕಬೇಡಿ, ಚುಕ್ಕೆ ಇಡಿ. ಇಟ್ಟ ಮೇಲೆ ಸೀರಿಯಲ್ ನಂಬರ್ ಏರಿಸಿ. ಏರಿಸದಿದ್ದರೆ ಎರಡನೆಯ ಡಿಎನ್‌ಎಸ್ ಸರ್ವರ್ ಹೊಸ ಝೋನನ್ನು ತೆಗೆದುಕೊಳ್ಳುವುದೇ ಇಲ್ಲ.

ಸರಿಪಡಿಸಿದ ತಕ್ಷಣ ಪರದೆ ಬದಲಾಗದಿದ್ದರೆ ಮತ್ತೆ ತಿದ್ದಲು ಹೋಗಬೇಡಿ. ಇಲ್ಲ ಎಂಬ ಉತ್ತರವನ್ನೂ ನಡುವಿನ ರಿಸಾಲ್ವರ್ ನೆನಪಿಟ್ಟುಕೊಂಡಿರುತ್ತದೆ. ಎಷ್ಟು ಹೊತ್ತು ಎಂಬುದು ಝೋನಿನ ಎಸ್‌ಒಎ ಎಂಬ ಮುಖ್ಯ ದಾಖಲೆಯಿಂದ ತೀರ್ಮಾನವಾಗುತ್ತದೆ. ಅಲ್ಲಿ ಒಂದು ದಿನ ಎಂದಿದ್ದರೂ ಬೈಂಡ್ ತನ್ನ ಡೀಫಾಲ್ಟಿನಲ್ಲಿ 3 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಝೋನ್ ಇರುವ ಸರ್ವರನ್ನೇ ನೇರವಾಗಿ ಕೇಳಿ ಸರಿಯಾದ ಉತ್ತರ ಬಂದರೆ ನಿಮ್ಮ ಕೆಲಸ ಸರಿ. ನಡುವಿನ ಕ್ಯಾಶ್ ಖಾಲಿ ಮಾಡಿ, ವಿಂಡೋಸಾದರೆ ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್.

ತಪ್ಪು ಹೆಸರು: ಅಂಧೇರಿಯ ಪ್ರಿಂಟರ್

ಈಗ ಮೊದಲು ಹೇಳಿದ ಅಲರ್ಟಿಗೆ ಬರೋಣ. ಕೆಂಪಾದ ಸಾಧನದ ಐಪಿ 192.168.20.63. ಪ್ರಿಂಟರನ್ನು ಮೊದಲು ಕೂರಿಸಿದಾಗ ಡಿಎಚ್‌ಸಿಪಿಯಿಂದ (ಐಪಿಯನ್ನು ತಾನಾಗಿ ಹಂಚುವ ಸೇವೆ) ಆ ಐಪಿ ಸಿಕ್ಕಿತ್ತು, ಯಾರೋ ಡಿಎನ್‌ಎಸ್‌ನಲ್ಲಿ ಕೈಯಿಂದ ಪಿಟಿಆರ್ ಬರೆದರು. ಆಮೇಲೆ ಪ್ರಿಂಟರಿಗೆ 192.168.20.21 ಎಂದು ಸ್ಥಿರ ಐಪಿ ಕೊಟ್ಟರು, 63ರ ದಾಖಲೆ ಅಳಿಸಲು ಮರೆತರು. ಅಂಧೇರಿಯಲ್ಲಿ ಐಪಿ ಹಂಚುವುದು ಅಲ್ಲಿನ ರೂಟರ್, ಅದಕ್ಕೂ ಮಾಟುಂಗದ ಡಿಎನ್‌ಎಸ್‌ಗೂ ಮಾತುಕತೆಯೇ ಇಲ್ಲ.

ಖಚಿತ ಮಾಡಿಕೊಳ್ಳುವುದು ಹೀಗೆ. ಅಂಧೇರಿಯ ರೂಟರಿನಲ್ಲಿ (ಮಾಟುಂಗದ ಸರ್ವರಿನಲ್ಲಲ್ಲ, ವಿಪಿಎನ್ ಆಚೆಯ ಮ್ಯಾಕ್, ಅಂದರೆ ಸಾಧನದ ಹಾರ್ಡ್‌ವೇರ್ ವಿಳಾಸ, ಅಲ್ಲಿ ಕಾಣುವುದಿಲ್ಲ) ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್) ಅಥವಾ ಡಿಎಚ್‌ಸಿಪಿ ಲೀಸ್ ಪಟ್ಟಿ (ಯಾರಿಗೆ ಯಾವ ಐಪಿ, ಎಷ್ಟು ಹೊತ್ತಿಗೆ) ತೆರೆದು 63ರ ಮ್ಯಾಕ್ ವಿಳಾಸ ನೋಡಿ. ಅದರ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಬರೆದ ಮ್ಯಾಕ್ ಅಲ್ಲ, ಸಾಧನ ತಾನೇ ಹುಟ್ಟಿಸಿಕೊಂಡದ್ದು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಮೊಬೈಲುಗಳು ವೈಫೈ ಸೇರುವಾಗ ಹೀಗೆಯೇ ಮಾಡುತ್ತವೆ, ಪ್ರಿಂಟರ್ ಮಾಡುವುದಿಲ್ಲ. ಪ್ರಿಂಟರಿನ ಹಿಂಬದಿಯ ಚೀಟಿಯಲ್ಲಿರುವ ಮ್ಯಾಕ್‌ಗೆ ಹೋಲಿಸಿದರೆ ಅನುಮಾನ ಪೂರ್ತಿ ತೀರುತ್ತದೆ. ಚೀಟಿಯ ಮೇಲೆ ಎಣ್ಣೆ ಜಿಡ್ಡು ಕೂತಿದ್ದರೆ ಫೀಡ್ ಬಟನ್ ಒತ್ತಿಕೊಂಡೇ ಆನ್ ಮಾಡಿ. ಬಹುಪಾಲು ಥರ್ಮಲ್ ಪ್ರಿಂಟರುಗಳು ಸೆಲ್ಫ್-ಟೆಸ್ಟ್ ಚೀಟಿ ಹೊರಹಾಕುತ್ತವೆ, ನೆಟ್‌ವರ್ಕ್ ಮಾದರಿಗಳಲ್ಲಿ ಐಪಿ ವಿವರವೂ ಸಾಮಾನ್ಯವಾಗಿ ಅದರಲ್ಲಿರುತ್ತದೆ.

ಪರಿಹಾರ: 63ರ ಪಿಟಿಆರ್ ಅಳಿಸಿ, 21ಕ್ಕೆ ಎ ಮತ್ತು ಪಿಟಿಆರ್ ಎರಡೂ ಬರೆಯಿರಿ, ಸಾಫ್ಟ್‌ವೇರಿನಲ್ಲಿ 63ರ ಸಾಧನವನ್ನು ತೆಗೆದುಹಾಕಿ. ಮತ್ತೆ ಹೀಗಾಗದಿರಲು ರೂಟರಿನ ಡಿಎಚ್‌ಸಿಪಿ ಪೂಲನ್ನು 50ರಿಂದ 199ಕ್ಕೆ ಕಟ್ಟಿಹಾಕಿ. ಸ್ವಿಚ್ಚು, ಪ್ರಿಂಟರು, ಕ್ಯಾಮೆರಾ ಎಲ್ಲ 2ರಿಂದ 49ರೊಳಗೆ ಇರಲಿ. ಮಾನಿಟರಿಂಗ್ ಡಿಸ್ಕವರಿಯೂ 2ರಿಂದ 49ನ್ನು ಮಾತ್ರ ಹುಡುಕಲಿ. ಗಿರಾಕಿಯ ಮೊಬೈಲ್ ಬಂದು ಹೋದದ್ದಕ್ಕೆ ಅಲರ್ಟ್ ಯಾರಿಗೆ ಬೇಕು?

ವಿಂಡೋಸ್ ಡಿಎಚ್‌ಸಿಪಿ ಇರುವಲ್ಲಿ ಹಳೆಯ ದಾಖಲೆ ಉಳಿಯುವುದು ಇನ್ನೊಂದು ದಾರಿಯಿಂದ. ಹಳೆಯ ಡಿಎನ್‌ಎಸ್ ದಾಖಲೆಗಳನ್ನು ತಾನಾಗಿ ಗುಡಿಸುವ ಸ್ಕ್ಯಾವೆಂಜಿಂಗ್ ಡೀಫಾಲ್ಟಾಗಿ ಆಫ್. ಆನ್ ಮಾಡುವಾಗ ಡಿಎನ್‌ಎಸ್ ಸರ್ವರಿನಲ್ಲೂ ಝೋನಿನಲ್ಲೂ ಎರಡೂ ಕಡೆ ಮಾಡಬೇಕು, ಒಂದೇ ಕಡೆ ಮಾಡಿದರೆ ಏನೂ ಅಳಿಯುವುದಿಲ್ಲ. ಡೀಫಾಲ್ಟ್ ಅವಧಿ 7 ದಿನ ಮತ್ತು 7 ದಿನ, ಅಂದರೆ ದಾಖಲೆ ಕನಿಷ್ಠ ಎರಡು ವಾರ ಬದುಕುತ್ತದೆ. ವೈಫೈ ಲೀಸ್ 8 ಗಂಟೆ ಇಟ್ಟಿದ್ದರೆ ಅಷ್ಟರೊಳಗೆ ಒಂದೇ ಐಪಿಗೆ ಮೂರು ನಾಲ್ಕು ಪಿಟಿಆರ್ ಸೇರಿಕೊಳ್ಳಬಹುದು, ಸಾಫ್ಟ್‌ವೇರ್ ಮೊದಲು ಕಂಡದ್ದನ್ನು ತೆಗೆದುಕೊಳ್ಳುತ್ತದೆ. ಕೈಯಿಂದ ಬರೆದ ದಾಖಲೆಗೆ ಟೈಮ್‌ಸ್ಟ್ಯಾಂಪ್ ಇರುವುದಿಲ್ಲ, ಸ್ಕ್ಯಾವೆಂಜಿಂಗ್ ಅದನ್ನು ಎಂದೂ ಮುಟ್ಟುವುದಿಲ್ಲ. ಅದನ್ನು ನೀವೇ ಅಳಿಸಬೇಕು.

ಎಸ್‌ಎನ್‌ಎಂಪಿಯಿಂದ ಬರುವ ಹೆಸರು

ಸ್ವಿಚ್ಚು, ರೂಟರು, ಆಕ್ಸೆಸ್ ಪಾಯಿಂಟುಗಳಿಗೆ ಡಿಎನ್‌ಎಸ್‌ಗಿಂತ ಸಿಸ್‌ನೇಮ್ ಒಳ್ಳೆಯದು, ಸಾಧನ ತನ್ನ ಹೆಸರನ್ನು ತಾನೇ ಹೇಳುತ್ತದೆ. ಆದರೆ ಹೇಳಲು ಅದಕ್ಕೊಂದು ಹೆಸರು ಇಟ್ಟಿರಬೇಕು. ಹೆಸರಿಡದ ಸಿಸ್ಕೋ ಸ್ವಿಚ್ ತನ್ನ ಹೆಸರು 'ಸ್ವಿಚ್' ಎನ್ನುತ್ತದೆ. ಚಾಕಣದ ಗೋಡೌನಿನಲ್ಲಿ ಅಂಥ ಆರು ಇದ್ದರೆ ಆರೂ 'ಸ್ವಿಚ್'. ಲಿಬ್ರೆಎನ್‌ಎಂಎಸ್ ಡೀಫಾಲ್ಟಿನಲ್ಲಿ ಒಂದೇ ಸಿಸ್‌ನೇಮಿನ ಎರಡನೆಯ ಸಾಧನವನ್ನು ಸೇರಿಸಿಕೊಳ್ಳುವುದೇ ಇಲ್ಲ. ನಕಲಿಗೆ ಅನುಮತಿ ಕೊಡುವ ಸೆಟ್ಟಿಂಗ್ ಇದೆ, ಆದರೆ ಅದನ್ನು ಒತ್ತುವುದಕ್ಕಿಂತ ಹೆಸರಿಡುವುದು ಮೇಲು. ಹಳೆಯ ಸ್ವಿಚ್ಚಿನ ಬ್ಯಾಕಪ್ ಕಾನ್ಫಿಗ್ಗನ್ನು ಹೊಸದಕ್ಕೆ ಹಾಕಿ ಐಪಿ ಮಾತ್ರ ಬದಲಿಸಿದಾಗಲೂ ಇದೇ ಫಲ: ಎರಡು ಊರು, ಒಂದು ಹೆಸರು.

ಸಿಸ್‌ನೇಮ್ ಬರುತ್ತಲೇ ಇಲ್ಲವಾದರೆ ಮಾನಿಟರಿಂಗ್ ಸರ್ವರಿನಿಂದ ಎಸ್‌ಎನ್‌ಎಂಪಿಗೆಟ್ ಹೊಡೆದು ಮೇಲಿನ ಒಐಡಿ ಕೇಳಿ. ವರ್ಷನ್ 2ಸಿಯಲ್ಲಿ ಕಮ್ಯುನಿಟಿ (ಪಾಸ್‌ವರ್ಡಿನಂಥ ಪದ) ತಪ್ಪಾಗಿದ್ದರೆ ಸಾಧನ 'ತಪ್ಪು' ಎನ್ನುವುದಿಲ್ಲ, ಬಾಯಿಯನ್ನೇ ತೆರೆಯುವುದಿಲ್ಲ. ಹಾಗಾಗಿ ತಪ್ಪು ಕಮ್ಯುನಿಟಿ, ಮುಚ್ಚಿದ 161, ಸಾಧನದ ಅನುಮತಿ ಪಟ್ಟಿಯಲ್ಲಿ 192.168.10.9 ಇಲ್ಲದಿರುವುದು, ಮೂರೂ ಒಂದೇ ಥರ ಟೈಮ್‌ಔಟ್ ಆಗಿ ಕಾಣುತ್ತವೆ. ಬೇರೆ ಮಾಡಲು ಸಾಧನದ ಪಕ್ಕದಲ್ಲೇ ಇರುವ, ಅನುಮತಿ ಪಟ್ಟಿಯಲ್ಲಿರುವ ಯಂತ್ರದಿಂದ ಕೇಳಿ. ಅಲ್ಲಿ ಸಿಕ್ಕರೆ ದಾರಿಯದ್ದು ಅಥವಾ ಪಟ್ಟಿಯದ್ದು ತಪ್ಪು, ಅಲ್ಲೂ ಸಿಗದಿದ್ದರೆ ಬಹುಮಟ್ಟಿಗೆ ಕಮ್ಯುನಿಟಿಯದ್ದು.

ಹೆಸರಿನ ಬದಲು ಹದಿನಾರರ ಎಣಿಕೆಯ ಅಂಕಿಗಳ ಸಾಲು ಕಂಡರೆ ಯಾರೋ ಸಿಸ್‌ನೇಮನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬರೆದಿದ್ದಾರೆ. ಮನಸ್ಸು ಒಳ್ಳೆಯದು, ಜಾಗ ತಪ್ಪು. ಆ ಅಂಕಣ 7 ಬಿಟ್‌ನ ಆಸ್ಕಿ ಅಕ್ಷರಗಳಿಗೆ ಮಾತ್ರ. ಊರ ಹೆಸರನ್ನು ಕನ್ನಡದಲ್ಲಿ ತೋರಿಸಬೇಕೆಂದರೆ ಸಾಫ್ಟ್‌ವೇರಿನ ಲೇಬಲಿನಲ್ಲಿ ಬರೆಯಿರಿ, ಇಂದಿನವು ಬಹುತೇಕ ಯೂನಿಕೋಡ್ ತೆಗೆದುಕೊಳ್ಳುತ್ತವೆ. ಸಾಧನದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೀಟು ಇಷ್ಟೇ ಇರಲಿ. ಕೆಳಗೀಟು ಬೇಡ, ಹೋಸ್ಟ್‌ನೇಮಿನ ನಿಯಮ ಅದನ್ನು ಒಪ್ಪುವುದಿಲ್ಲ.

ನೆಟ್‌ಬಯಾಸ್ ಬಗ್ಗೆ ಒಂದೇ ಮಾತು: ಅಲ್ಲಿ ಹೆಸರಿಗೆ 15 ಅಕ್ಷರ ಮಾತ್ರ. 'ಅಂಧೇರಿ-ಬಿಲ್ಲಿಂಗ್' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಅಡ್ಡಗೀಟು ಸೇರಿ ಸರಿಯಾಗಿ 15. ಅದರ ಕೊನೆಗೆ 1, 2, 3 ಎಂದು ಹಾಕಿದ ಗಲ್ಲಾದ ಮೂರು ಕಂಪ್ಯೂಟರುಗಳೂ ಮಾನಿಟರಿಂಗ್‌ನಲ್ಲಿ ಒಂದೇ ಹೆಸರಾಗಿ ಕಾಣುತ್ತವೆ. ಅಂಕಿಯನ್ನು ಹೆಸರಿನ ಶುರುವಿಗೆ ತನ್ನಿ. ಹೆಚ್‌ಪಿ ಪ್ರಿಂಟರು 'ಎನ್‌ಪಿಐ' ಎಂದು ಶುರುವಾಗುವ, ಬ್ರದರ್ ಪ್ರಿಂಟರು 'ಬಿಆರ್‌ಎನ್' ಎಂದು ಶುರುವಾಗುವ ಹೆಸರು ತೋರಿಸಿದರೆ ಅದು ದೋಷವಲ್ಲ. ಕಾರ್ಖಾನೆಯ ಹೆಸರು, ಹಿಂದಿರುವುದು ಮ್ಯಾಕ್ ವಿಳಾಸದ ಅಂಕಿಗಳು.

ಕೇಳುವುದು ಐಪಿಯಿಂದ, ತೋರಿಸುವುದು ಹೆಸರಿನಿಂದ

ಹೆಸರಿಗೆ ಸಂಬಂಧಿಸಿದ ಒಂದು ಆಯ್ಕೆ ಹೆಸರಿನ ದೋಷವನ್ನು ಇಡೀ ನೆಟ್‌ವರ್ಕಿನ ದೋಷದಂತೆ ತೋರಿಸಬಲ್ಲದು. ಜ್ಯಾಬಿಕ್ಸ್‌ನಲ್ಲಿ ಸಾಧನದ ಇಂಟರ್‌ಫೇಸಿಗೆ ಐಪಿಯಿಂದ ಸಂಪರ್ಕಿಸಬೇಕೋ ಡಿಎನ್‌ಎಸ್‌ನಿಂದಲೋ ಎಂಬ ಆಯ್ಕೆ ಇದೆ. ಡಿಎನ್‌ಎಸ್ ಎಂದಿಟ್ಟರೆ ಮಾಟುಂಗದ ಡಿಎನ್‌ಎಸ್ ಸರ್ವರ್ ನಿಂತ ದಿನ ನಾಲ್ಕೂ ಊರಿನ ಎಲ್ಲ ಸಾಧನಗಳೂ ಒಟ್ಟಿಗೆ ಕೆಂಪಾಗುತ್ತವೆ. ಡಿಎನ್‌ಎಸ್ ಸರ್ವರಿನ ಅಲರ್ಟ್ ಆ ನೂರರ ನಡುವೆ ಎಲ್ಲೋ ಮುಚ್ಚಿಹೋಗಿರುತ್ತದೆ. ಸ್ಥಿರ ಐಪಿ ಇರುವ ಸಾಧನಗಳನ್ನು ಐಪಿಯಿಂದಲೇ ಕೇಳಿ, ಹೆಸರು ಮನುಷ್ಯರು ಓದುವುದಕ್ಕೆ ಇರಲಿ. ಹೋಸ್ಟ್‌ನೇಮಿನಿಂದ ಸೇರಿಸಿದ ಲಿಬ್ರೆಎನ್‌ಎಂಎಸ್‌ನಲ್ಲಿ ಓವರ್‌ರೈಟ್ ಐಪಿ ಎಂಬ ಜಾಗದಲ್ಲಿ ಐಪಿ ಬರೆದರೆ ಇದೇ ಫಲ ಸಿಗುತ್ತದೆ. ಮೇಲಿಂದ ಮೇಲೆ ಐಪಿ ಬದಲಿಸುವ ನೆಟ್‌ವರ್ಕಿನವರು ಇದನ್ನು ಒಪ್ಪಲಿಕ್ಕಿಲ್ಲ. ಅವರು ಎರಡು ಡಿಎನ್‌ಎಸ್ ಸರ್ವರನ್ನು ಎರಡು ಊರಿನಲ್ಲಿ ಇಡಲಿ.

ಇನ್ನು ಮಳೆಗಾಲದ ದೋಷ ಒಂದು. ಸಂಜೆ ಕರೆಂಟು ಹೋಗಿ ಬರುತ್ತದೆ, ಯುಪಿಎಸ್ ಅಷ್ಟರಲ್ಲಿ ಖಾಲಿಯಾಗಿರುತ್ತದೆ. ಎಲ್ಲ ಒಟ್ಟಿಗೆ ಏಳುವಾಗ ಮಾನಿಟರಿಂಗ್ ಸರ್ವರ್ ಬೇಗ ಎದ್ದು, ಡಿಎನ್‌ಎಸ್ ಸರ್ವರ್ ಇನ್ನೂ ಏಳುತ್ತಿರುತ್ತದೆ. ಅದೇ ಹೊತ್ತಿಗೆ ಡಿಸ್ಕವರಿ ಓಡಿದರೆ ಹೊಸದಾಗಿ ಸಿಕ್ಕಿದವಕ್ಕೆಲ್ಲ ಐಪಿಯೇ ಹೆಸರಾಗಿ ಡೇಟಾಬೇಸಿನಲ್ಲಿ ಕೂರುತ್ತದೆ. ಆಮೇಲೆ ಡಿಎನ್‌ಎಸ್ ಸರಿಯಾದರೂ ಒಮ್ಮೆ ಬರೆದ ಹೆಸರನ್ನು ಮತ್ತೆ ಕೇಳದ ಸಾಫ್ಟ್‌ವೇರುಗಳಿವೆ. ಇಂಥಲ್ಲಿ ಕ್ಯಾಶ್ ಖಾಲಿ ಮಾಡಿ ಉಪಯೋಗವಿಲ್ಲ. ಆ ಸಾಧನಗಳಿಗೆ ರೀಡಿಸ್ಕವರಿ ಅಥವಾ ರೀನೇಮ್ ಕೊಡಬೇಕು. ಅಳಿಸಿ ಮತ್ತೆ ಸೇರಿಸಲು ಹೋಗಬೇಡಿ, ಹಳೆಯ ಗ್ರಾಫುಗಳೆಲ್ಲ ಅದರೊಂದಿಗೇ ಹೋಗುತ್ತವೆ. ಡಿಎನ್‌ಎಸ್ ಯಂತ್ರಕ್ಕೂ ಕೋರ್ ಸ್ವಿಚ್ಚಿಗೂ ಬೇರೆ ಯುಪಿಎಸ್ ಕೊಡಿ, ಮಾನಿಟರಿಂಗ್ ಸೇವೆ ಶುರುವಾಗುವ ಮೊದಲು 3 ನಿಮಿಷ ಕಾಯುವಂತೆ ಇಡಿ, ಡಿಸ್ಕವರಿಯ ವೇಳೆಯನ್ನು ಬೆಳಗಿನ ಜಾವ ನಾಲ್ಕಕ್ಕೆ ಹಾಕಿ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಇಡ್ಲಿಯ ಹಬೆ ಏಳುವುದೂ ಶುರುವಾಗಿರುವುದಿಲ್ಲ, ಲೈನೂ ಖಾಲಿ ಇರುತ್ತದೆ.